1.1 ಕೋಟಿ ಹೆಕ್ಟೇರ್ ಹೊತ್ತ ಕಾಡುಹುಲ್ಲು

6,723ರಲ್ಲಿ ಒಂದೇ ಒಂದು! ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಗ್ರಾಸಿ ಸ್ಟಂಟ್ ಎಂಬ ನಂಜುರೋಗಕ್ಕೆ ಜಗ್ಗದ ಭತ್ತ ಎಲ್ಲಾದರೂ ಇದೆಯೇ ಎಂದು ಹುಡುಕಿದಾಗ ಸಿಕ್ಕ ಲೆಕ್ಕ ಇದು. 6,723 ಮಾದರಿಗಳನ್ನು ಪರೀಕ್ಷೆಗೆ ಒಡ್ಡಿದರು, 6,722 ಸೋತವು. ಗೆದ್ದ ಒಂದನ್ನು ಯಾವ ರೈತನೂ ಬಿತ್ತಿರಲಿಲ್ಲ. ಅದು ಉತ್ತರ ಪ್ರದೇಶದ ಗೊಂಡಾ ಸೀಮೆಯಿಂದ ತಂದಿದ್ದ ಕಾಡುಭತ್ತ, ಒರೈಜಾ ನಿವಾರಾ. ಉದ್ದನೆಯ ಸುಂಕು, ಕೆಂಪು ಅಕ್ಕಿ, ಪೂರ್ತಿ ಬಲಿಯುವ ಮೊದಲೇ ಉದುರಿಹೋಗುವ ಕಾಳು. ಗದ್ದೆಯಲ್ಲಿ ಕಂಡರೆ ಕಳೆಯೆಂದು ಕಿತ್ತು ಬದುವಿಗೆ ಎಸೆಯುವಂಥ ಗಿಡ.

1970ರ ದಶಕದಲ್ಲಿ ಈ ರೋಗ ಇಂಡೋನೇಷ್ಯಾ, ಫಿಲಿಪೀನ್ಸ್, ವಿಯೆಟ್ನಾಂ, ಶ್ರೀಲಂಕಾ ಮತ್ತು ಭಾರತದಲ್ಲಿ 1.16 ಲಕ್ಷ ಹೆಕ್ಟೇರಿಗೂ ಹೆಚ್ಚು ಗದ್ದೆಯನ್ನು ತಿಂದುಹಾಕಿತ್ತು. ಕಂದು ಜಿಗಿಹುಳು ಹೀರಿದ ಗಿಡಕ್ಕೆ ರೋಗ ತಗುಲಿ, ಅದು ತೆನೆ ಬಿಡದೆ ಗಿಡ್ಡಗೆ ಹುಲ್ಲಿನ ಮೆಳೆಯಂತೆ ಕೂತುಬಿಡುತ್ತಿತ್ತು. ಭತ್ತ ಸಂಸ್ಥೆಯ ವಿಜ್ಞಾನಿ ಗುರುದೇವ್ ಖುಷ್ ಮತ್ತು ಸಂಗಡಿಗರು ಗೊಂಡಾದ ಆ ಕಳೆಯ ಗುಣವನ್ನು ಒಳ್ಳೆಯ ಭತ್ತಕ್ಕೆ ದಾಟಿಸಿದರು. 1976ರಲ್ಲಿ ಐಆರ್36 ಎಂಬ ತಳಿ ಹೊರಬಂತು. 1980ರ ದಶಕದ ಹೊತ್ತಿಗೆ ಅದು ಹಬ್ಬಿದ್ದ ನೆಲ 1.1 ಕೋಟಿ ಹೆಕ್ಟೇರ್!

ಈ ಸಂಖ್ಯೆಯನ್ನು ಓದಿ ಸುಮ್ಮನೆ ಮುಂದೆ ಹೋಗಬಾರದು. 1.1 ಕೋಟಿ ಹೆಕ್ಟೇರ್ ಎಂದರೆ 1,10,000 ಚದರ ಕಿಲೋಮೀಟರ್. ಉತ್ತರ ಕನ್ನಡದಷ್ಟು ದೊಡ್ಡ ಹತ್ತು ಜಿಲ್ಲೆ ಜೋಡಿಸಿದರೂ ಸಾಲದು. ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕದಲ್ಲಿ ಊರು, ಕಾಡು, ಬೆಟ್ಟ, ಕೆರೆ ಯಾವುದನ್ನೂ ಬಿಡದೆ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಒಂದೇ ತಳಿಯ ಭತ್ತ ನಾಟಿ ಮಾಡಿದಂತೆ. ಚದರ ಮೀಟರಿಗೆ 25 ಗುಣಿ ಎಂದು ಹಿಡಿದರೂ ಒಟ್ಟು 2.75 ಲಕ್ಷ ಕೋಟಿ ಗುಣಿ. ಅವನ್ನೆಲ್ಲ ಒಂದೇ ಸಾಲಿನಲ್ಲಿ, 20 ಸೆಂಟಿಮೀಟರಿಗೆ ಒಂದರಂತೆ ನೆಟ್ಟರೆ ಸಾಲಿನ ಉದ್ದ 55 ಕೋಟಿ ಕಿಲೋಮೀಟರ್. ಭೂಮಿಯನ್ನು 13,000ಕ್ಕೂ ಹೆಚ್ಚು ಸಲ ಸುತ್ತಬಹುದು. ಅಷ್ಟೇಕೆ, ಆ ಸಾಲು ಇಲ್ಲಿಂದ ಸೂರ್ಯನವರೆಗೆ ಹೋಗಿ, ವಾಪಸು ಬಂದು, ಮತ್ತೆ ಸೂರ್ಯನನ್ನು ಮುಟ್ಟಿ, ಮರಳುವ ದಾರಿಯಲ್ಲೂ ಅರ್ಧಕ್ಕಿಂತ ಹೆಚ್ಚು ಸಾಗಿರುತ್ತದೆ. ಅದರ ಒಂದೊಂದು ಗಿಡದೊಳಗೂ ಗೊಂಡಾದ ಕಳೆಯ ಒಂದು ತುಣುಕು.

ಈಗ ಇದಕ್ಕಿಂತ ಕಠಿಣ ಹುಡುಕಾಟಕ್ಕೆ ಬನ್ನಿ. ಸುಂದರಬನದ ಕೆಸರಿನಲ್ಲಿ, ಭರತ ಬಂದಾಗ ಉಪ್ಪುನೀರು ನುಗ್ಗುವ ಕಡೆ ಒರೈಜಾ ಕೋಆರ್ಕ್ಟೇಟಾ ಎಂಬ ಇನ್ನೊಂದು ಕಾಡುಭತ್ತವಿದೆ. ಸಾಮಾನ್ಯ ಭತ್ತ ಎಷ್ಟು ಉಪ್ಪಿಗೆ ಸೊರಗಲು ಶುರುಮಾಡುತ್ತದೋ ಅದರ ಹತ್ತು ಪಟ್ಟಿಗೂ ಹೆಚ್ಚು ಉಪ್ಪು ಕಡಲ ನೀರಿನಲ್ಲಿದೆ. ಈ ಹುಲ್ಲಿಗೆ ಅದೇ ಊಟ. ಬೇರಿನಿಂದ ಹೀರಿದ ಉಪ್ಪನ್ನು ಎಲೆಯ ಮೇಲಿನ ಸಣ್ಣ ಗ್ರಂಥಿಗಳಿಂದ ಹೊರಗೆ ದೂಡಿ ಹಸಿರಾಗಿಯೇ ನಿಲ್ಲುತ್ತದೆ. ಇದನ್ನು ಊಟದ ಭತ್ತದೊಂದಿಗೆ ಕೂಡಿಸಲು ಅದೇ ಫಿಲಿಪೀನ್ಸ್ ಸಂಸ್ಥೆಯವರು ಮಾಡಿದ ಸಂಕರಗಳು ಎಷ್ಟು ಗೊತ್ತೇ? 34,000. ದಿನಕ್ಕೊಂದರಂತೆ ಭಾನುವಾರವೂ ಬಿಡದೆ ಮಾಡಿದರೆ 93 ವರ್ಷದ ಕೆಲಸ! ಅಷ್ಟರಲ್ಲಿ ಉಳಿಸಿಕೊಳ್ಳಲು ಆದ ಭ್ರೂಣಗಳು ಮೂರು. ಗಿಡವಾಗಿ ಬೆಳೆದದ್ದು ಒಂದು. 2013ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಉಪ್ಪು ಸಹಿಸುವ ಭತ್ತದ ದಾರಿ ಆ ಒಂದು ಗಿಡದಿಂದ ತೆರೆದುಕೊಂಡಿತ್ತು. ಇಂಥ ತಾಳ್ಮೆಗೆ ಕೈ ಮುಗಿಯಬೇಕು.

ತಾಳ್ಮೆಯ ಮಾತು ಬಂದಾಗ ಆಮೆಯನ್ನು ಬಿಡುವುದು ಹೇಗೆ? ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ಆಚೆ, ಗಲಾಪಗೋಸ್ ದ್ವೀಪಗಳಲ್ಲಿ ಕಾಡುಟೊಮೆಟೊ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿ ಚಾರ್ಲ್ಸ್ ರಿಕ್ ಅದರ ಬೀಜ ತಂದು ಬಿತ್ತಿದರೆ ಮೊಳಕೆಯೇ ಬರಲೊಲ್ಲದು. ಕೊನೆಗೆ ಆ ದ್ವೀಪಗಳ ದೈತ್ಯ ಆಮೆಗಳಿಗೆ ಹಣ್ಣು ತಿನ್ನಿಸಿ ನೋಡಿದರು. ಕಾಲು ಟನ್ ತೂಗುವ, ನೂರು ವರ್ಷ ದಾಟಿ ಬದುಕುವ ಪ್ರಾಣಿ. ಮಿಲಿಗ್ರಾಂ ಲೆಕ್ಕದ ಬೀಜ. ಆ ಬೀಜ ಆಮೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಪ್ರಯಾಣ ಮಾಡಿ ಹೊರಬಂದ ಮೇಲೆ ಚೆನ್ನಾಗಿ ಮೊಳೆಯಿತು! ಗಂಟಿಲ್ಲದ ತೊಟ್ಟಿನ ಗುಣ ಈ ಟೊಮೆಟೊದಿಂದ ಬಂತು. ಹಣ್ಣು ಗಿಡದಿಂದ ತೊಟ್ಟು ಬಿಟ್ಟು ಶುಚಿಯಾಗಿ ಕಳಚುವುದರಿಂದ ಯಂತ್ರದಲ್ಲಿ ಕೊಯ್ಯುವ ತಳಿಗಳಿಗೆ ಅದು ವರವಾಯಿತು. ಕ್ಯಾಲಿಫೋರ್ನಿಯಾ ಒಂದೇ ವರ್ಷಕ್ಕೆ ಕಾರ್ಖಾನೆಗೆ ಕಳಿಸುವ, ಯಂತ್ರದಿಂದ ಕೊಯ್ದ ಟೊಮೆಟೊ ಸುಮಾರು 1 ಕೋಟಿ ಟನ್. ಆನೆಗೆ 5 ಟನ್ ಎಂದರೆ 20 ಲಕ್ಷ ಆನೆಗಳ ತೂಕ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ ಸಿಕ್ಕ ಆನೆಗಳು 6,395. ಅಂಥ 300ಕ್ಕೂ ಹೆಚ್ಚು ಕರ್ನಾಟಕಗಳ ಆನೆಗಳನ್ನು ತಕ್ಕಡಿಗೆ ಹತ್ತಿಸಬೇಕು. ಇನ್ನೊಂದು ಸಂಗತಿ: ಇದೇ ದ್ವೀಪಗಳ, ಕಡಲಂಚಿನ ಕಾಡುಟೊಮೆಟೊಗೆ 1976ರಲ್ಲಿ ಪ್ರಯೋಗಾಲಯದಲ್ಲಿ ಕಡಲಿನಷ್ಟೇ ಉಪ್ಪಾದ ನೀರು ಉಣಿಸಿದರು. ಅದು ಸಾಯಲಿಲ್ಲ.

ನಮ್ಮ ಧಾರವಾಡಕ್ಕೂ ಇಂಥದೇ ಒಂದು ನಂಟಿದೆ. 1959ರಲ್ಲಿ ಸಂಗ್ರಾಹಕರು ಬೊಲಿವಿಯಾದಲ್ಲಿ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಶೇಂಗಾದ ಬೀಜ ಆರಿಸಿಕೊಂಡರು. ಆ ಒಂದೇ ಸಂಗ್ರಹದ ವಂಶವನ್ನು ವಿಜ್ಞಾನಿಗಳು ಬೆನ್ನುಹತ್ತಿ ಹೋಗಿ 2021ರಲ್ಲಿ ವರದಿ ಮಾಡಿದ್ದು: 30 ದೇಶಗಳು, 251 ತಳಿಗಳು! ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಶೇಂಗಾ ತುಕ್ಕು ರೋಗವನ್ನೂ ಎಲೆಚುಕ್ಕೆ ರೋಗವನ್ನೂ ತಡೆದು ನಿಲ್ಲುವುದು ಇದೇ ಕಾಡುಶೇಂಗಾದ ರಕ್ತದಿಂದ. ಬೊಲಿವಿಯಾದಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೂ 15,000 ಕಿಲೋಮೀಟರ್, ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಹಿಡಿಬೀಜ ಇಷ್ಟು ದೂರ ಬಂದು ನಮ್ಮ ರೈತರ ಹೊಲ ಕಾಯುತ್ತಿದೆ.

ಗೋಧಿಯ ಲೆಕ್ಕ ಇನ್ನೂ ದೊಡ್ಡದು. ನಾವು ಚಪಾತಿ ಮಾಡುವ ಗೋಧಿಯ ಒಂದು ಜೀವಕೋಶದಲ್ಲಿ ಮೂರು ಕಾಡುಹುಲ್ಲುಗಳ ವಂಶ ಒಟ್ಟಿಗೆ ಕೂತಿದೆ. ಮೂರನೆಯ ಹುಲ್ಲು ಬಂದು ಸೇರಿ ಸುಮಾರು 10,000 ವರ್ಷವಾಯಿತು. ಮೂರೂ ಸೇರಿ ಡಿಎನ್‌ಎ ಅಕ್ಷರಗಳು 1,600 ಕೋಟಿ, ಮನುಷ್ಯನದಕ್ಕೆ ಹೋಲಿಸಿದರೆ ಐದು ಪಟ್ಟು. ಸೆಕೆಂಡಿಗೆ ಒಂದು ಅಕ್ಷರದಂತೆ, ನಿದ್ದೆ ಊಟ ಬಿಟ್ಟು ಓದಿದರೆ 507 ವರ್ಷ ಬೇಕು. ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾಗ ಓದಲು ಕೂತವರು ಈಗ ಮುಗಿಸುತ್ತಿದ್ದರು!

ಇಂಥ ಬೀಜಗಳನ್ನೆಲ್ಲ ಕೂಡಿಡುವ ಕೆಲಸವೂ ಸಣ್ಣದಲ್ಲ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರ ಮಿಲೇನಿಯಂ ಬೀಜ ಬ್ಯಾಂಕಿನಲ್ಲಿರುವ ಕಾಡುಗಿಡಗಳ ಬೀಜ 240 ಕೋಟಿ ದಾಟಿದೆ. ಭಾರತದ ಪ್ರತಿಯೊಬ್ಬರಿಗೂ ಒಂದೊಂದು ಹಂಚಿ ಇನ್ನೂ ಸುಮಾರು 100 ಕೋಟಿ ಮಿಗುತ್ತದೆ. ಉತ್ತರ ಧ್ರುವದ ಬಳಿ ಸ್ವಾಲ್ಬಾರ್ಡ್‌ನಲ್ಲಿ ಬೆಟ್ಟ ಕೊರೆದು 2008ರಲ್ಲಿ ತೆರೆದ ಬೀಜ ಭಂಡಾರದಲ್ಲಿ, ಮೈನಸ್ 18 ಡಿಗ್ರಿ ಚಳಿಯಲ್ಲಿ, 45 ಲಕ್ಷ ಮಾದರಿಗಳಿಗೆ ಜಾಗವಿದೆ. ಮಾದರಿಗೆ 500 ಬೀಜದಂತೆ 225 ಕೋಟಿ. ದೆಹಲಿಯ ನಮ್ಮ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ 4.5 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ.

ಇಷ್ಟಿದ್ದರೂ ಬೆಳೆಗಳ ಕಾಡುಬಂಧುಗಳ ಪಾಲಿಗೆ ಕಪಾಟು ಬರಿದು. 2016ರ ಒಂದು ಅಧ್ಯಯನ 81 ಬೆಳೆಗಳ 1,076 ಕಾಡುಬಂಧುಗಳನ್ನು ಎಣಿಸಿತು. ಅವುಗಳಲ್ಲಿ 313ರ ಒಂದೇ ಒಂದು ಬೀಜವೂ ಆಗ ಯಾವ ಬೀಜ ಬ್ಯಾಂಕಿನಲ್ಲೂ ಇರಲಿಲ್ಲ. ಇನ್ನು 257ರದು ಹತ್ತಕ್ಕಿಂತ ಕಡಿಮೆ ಮಾದರಿ. ಅಂದರೆ ಅರ್ಧಕ್ಕಿಂತ ಹೆಚ್ಚು ಬಂಧುಗಳು ಕಾಣೆ, ಇಲ್ಲವೇ ಕಾಣೆಯಾದಂತೆಯೇ. ಈ ಕೊರತೆ ತುಂಬಲು 25 ದೇಶಗಳ ಸಂಗ್ರಾಹಕರು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ದೋಣಿಯಲ್ಲಿ, ನೇಪಾಳದಲ್ಲಿ ಆನೆಯ ಬೆನ್ನೇರಿ ಕಾಡು ಹೊಕ್ಕರು. ಎಲ್ಲರೂ ಅಲೆದ ದಿನಗಳ ಮೊತ್ತ 2,973, ಎಂಟು ವರ್ಷಕ್ಕೂ ಹೆಚ್ಚು! ತಂದದ್ದು 28 ಬೆಳೆಗಳ 371 ಕಾಡುಬಂಧುಗಳ 4,600ಕ್ಕೂ ಮಿಕ್ಕ ಮಾದರಿ.

ಇದಕ್ಕೆ ಆದ ಖರ್ಚು? ಈ ಹತ್ತು ವರ್ಷದ ಯೋಜನೆಗೆ ನಾರ್ವೆ ಸರಕಾರ ಕೊಟ್ಟದ್ದು 5 ಕೋಟಿ ಡಾಲರ್. ಕಾಡುಬಂಧುಗಳಿಂದ ಜಗತ್ತಿಗೆ ಆಗುವ ಲಾಭ ವರ್ಷಕ್ಕೆ 11,500 ಕೋಟಿ ಡಾಲರ್ ಎಂಬುದು 1997ರಲ್ಲಿ ವಿಜ್ಞಾನಿ ಡೇವಿಡ್ ಪಿಮೆಂಟೆಲ್ ಮತ್ತು ಸಂಗಡಿಗರು ಹಾಕಿದ ಅಂದಾಜು. ಆ ಲೆಕ್ಕದಲ್ಲಿ ಹತ್ತು ವರ್ಷದ ಖರ್ಚು ನಾಲ್ಕು ಗಂಟೆ ತುಂಬುವುದರೊಳಗೆ ಹಿಂತಿರುಗುತ್ತದೆ. ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವಿನ ಹೊತ್ತು! ಇಷ್ಟು ಅಗ್ಗದ ವಿಮೆ ಮನುಷ್ಯಕುಲಕ್ಕೆ ಬೇರೆ ಯಾವುದೂ ಸಿಗಲಿಕ್ಕಿಲ್ಲ ಎಂದು ನಾನು ನಂಬಿದ್ದೇನೆ.

ಕಾಡುಮೆಣಸು, ಕಾಡುಏಲಕ್ಕಿ, ಹಲಸಿನ ಬಂಧುವಾದ ಹೆಬ್ಬಲಸು, ಹೊಳೆಯಂಚಿನ ಅಪ್ಪೆಮಿಡಿ ಮಾವು, ಇವೆಲ್ಲ ಇರುವುದು ನಮ್ಮ ಪಶ್ಚಿಮ ಘಟ್ಟದಲ್ಲೇ. ಇವುಗಳಲ್ಲಿ ಹಲವುಗಳ ಬೀಜ ಒಣಗಿದರೆ ಸಾಯುತ್ತದೆ. ಮಾವು, ಹಲಸಿನ ಬೀಜವನ್ನು ಭತ್ತದಂತೆ ಒಣಗಿಸಿ ಯಾವ ಶೀತಲ ಕೋಣೆಯಲ್ಲೂ ಇಡಲಾಗದು. ಅವಕ್ಕೆ ಬ್ಯಾಂಕು ಎಂದರೆ ನಿಂತ ಮರ. ಹೊಳೆಯಂಚಿನಲ್ಲಿ, ತೋಟದ ಬೇಲಿಯಲ್ಲಿ, ಬೆಟ್ಟದಲ್ಲಿ ಅಂಥ ಮರ ನಿಮ್ಮ ಕೈಯಳತೆಯಲ್ಲಿದ್ದರೆ ದಯವಿಟ್ಟು ಕಡಿಯಬೇಡಿ, ಕಡಿಯಲು ಬಿಡಬೇಡಿ.