ಅಡಿಕೆ ಕೊಠಡಿ, ಪಂಪ್‌ಹೌಸ್‌ಗಳಿಗೆ ಎಚ್ಚರಿಕೆ ಗಂಟೆ: ಆಯ್ಕೆಯ ಕ್ರಮ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ರೈತರ ವರ್ಷದ ದುಡಿಮೆಯ ಬಹುಭಾಗ ವಾಸದ ಮನೆಯಿಂದ ಹೊರಗೇ ಇರುತ್ತದೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ತೋಟದಂಚಿನ ಕೊಠಡಿಯಲ್ಲಿರುತ್ತದೆ. ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿರುತ್ತದೆ. ಈರುಳ್ಳಿ ಹೊಲದ ಶೆಡ್ಡಿನಲ್ಲಿರುತ್ತದೆ. ಕ್ವಿಂಟಲ್ ಅಡಿಕೆಗೆ 40,000 ರೂಪಾಯಿ ಎಂದು ಲೆಕ್ಕ ಹಿಡಿದರೆ, 65 ಕೆ.ಜಿ.ಯ ಒಂದೇ ಚೀಲದ ಮೌಲ್ಯ 26,000 ರೂಪಾಯಿ. ಗ್ರಾಮ ಪಂಚಾಯತಿಯ ಆಸ್ತಿಯ ಸ್ಥಿತಿಯೂ ಇದೇ. ಊರ ಹೊರಗಿನ ಕೊಳವೆಬಾವಿಯ ತಾಮ್ರದ ಕೇಬಲ್ ಒಂದು ರಾತ್ರಿ ಕಳುವಾದರೆ, ಮರುದಿನ ಬೆಳಿಗ್ಗೆ ಇಡೀ ಊರಿಗೆ ಕುಡಿಯುವ ನೀರಿಲ್ಲ.

ಇಂತಹ ಕಟ್ಟಡಗಳಿಗೆ ಎಚ್ಚರಿಕೆ ಗಂಟೆ ಅಳವಡಿಸುವ ಬಗ್ಗೆ ರೈತರು ಸದಸ್ಯರ ಸಲಹೆ ಕೇಳುವುದುಂಟು. ಪಂಚಾಯತಿಯೂ ಖರೀದಿಗೆ ಮುಂದಾಗಬಹುದು. ಎರಡೂ ಸಂದರ್ಭಗಳಲ್ಲಿ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಗಂಟೆಯ ಕೆಲಸ

ಗಂಟೆ ಕಳ್ಳನನ್ನು ಹಿಡಿಯುವುದಿಲ್ಲ. ಮಲಗಿದವರನ್ನು ಎಬ್ಬಿಸುತ್ತದೆ, ಕಳ್ಳನಿಗೆ ಅಲ್ಲಿ ನಿಲ್ಲಲು ಸಮಯ ಕೊಡುವುದಿಲ್ಲ. ಆದುದರಿಂದ ಬೆಲೆ ಕೇಳುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಸೂಕ್ತ: ಕೂಗು ಯಾರಿಗೆ ಕೇಳಿಸಬೇಕು? ವಿದ್ಯುತ್ ಇಲ್ಲದಾಗ ಅದು ಕೂಗುವುದೇ? ಕಾರಣವಿಲ್ಲದೆ ಕೂಗುವ ಸಂಭವ ಎಷ್ಟು? ಗಟ್ಟಿಯಾದ ಬಾಗಿಲು, ಒಳ್ಳೆಯ ಬೀಗ ಹಾಗೂ ದೀಪ ಇವುಗಳ ನಂತರವೇ ಗಂಟೆಯ ಸ್ಥಾನ.

2. ದನಿ ಮತ್ತು ದೂರ

ಸೈರನ್ ಪೆಟ್ಟಿಗೆಯ ಮೇಲೆ ಮುದ್ರಿಸುವ ಡೆಸಿಬಲ್ ಅಂಕಿಯು ಸಾಮಾನ್ಯವಾಗಿ 1 ಮೀಟರ್ ದೂರದ ಅಳತೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ. 110 ಡೆಸಿಬಲ್‌ನ ಸೈರನ್ 10 ಮೀಟರ್‌ನಲ್ಲಿ 90, 100 ಮೀಟರ್‌ನಲ್ಲಿ 70, 500 ಮೀಟರ್‌ನಲ್ಲಿ ಸುಮಾರು 56 ಡೆಸಿಬಲ್‌ಗೆ ಇಳಿಯುತ್ತದೆ. ನಡುವೆ ಅಡಿಕೆ ತೋಟವಿದ್ದು, ಮನೆಯ ಕಿಟಕಿ ಮುಚ್ಚಿ ಫ್ಯಾನ್ ತಿರುಗುತ್ತಿದ್ದರೆ ಆ ದನಿ ಮಲಗಿದವರನ್ನು ತಲುಪದು.

ಆದ್ದರಿಂದ ಮನೆಯಿಂದ ನೂರು ಮೀಟರ್ ಒಳಗಿನ ಕೊಠಡಿಗೆ ಹೊರಗೋಡೆಯ ಎತ್ತರದಲ್ಲಿ, ಮನೆಯ ಕಡೆಗೆ ಮುಖ ಮಾಡಿದ ಒಂದು ಸೈರನ್ ಸಾಕಾಗಬಹುದು. ಅದಕ್ಕಿಂತ ದೂರವಿದ್ದರೆ ತಂತಿ ಎಳೆದು ಎರಡನೆಯ ಸೈರನ್ನನ್ನು ಮನೆಯಲ್ಲೇ ಇಡಬೇಕು. ಊರ ಹೊರಗಿನ ಪಂಪ್‌ಹೌಸ್‌ಗೆ ಸೈರನ್ ಜೊತೆಗೆ ಸಿಮ್ ಕಾರ್ಡ್ ಮೂಲಕ ಮೊಬೈಲಿಗೆ ಕರೆ ಮಾಡುವ ಸಾಧನ ಬೇಕು. ಆ ಸ್ಥಳದಲ್ಲಿ ನೆಟ್‌ವರ್ಕ್ ಸಿಗುವುದನ್ನು ಖಚಿತಪಡಿಸಿಕೊಂಡ ನಂತರವೇ ಖರೀದಿಸಬೇಕು; ಸಿಮ್‌ನ ರೀಚಾರ್ಜ್ ಅವಧಿಯನ್ನು ದಾಖಲಿಸಿಡಬೇಕು.

3. ಯಾವ ಬಗೆಯ ಸಾಧನ

ಬಾಗಿಲಿಗೆ ಅತ್ಯಂತ ಸರಳವಾದುದು ಅಯಸ್ಕಾಂತದ ಸ್ವಿಚ್. ಒಂದು ತುಂಡು ಚೌಕಟ್ಟಿಗೆ, ಇನ್ನೊಂದು ಬಾಗಿಲಿಗೆ. ಬಾಗಿಲು ಮುಚ್ಚಿರುವಾಗ ತಂತಿಯಲ್ಲಿ ಅಲ್ಪ ವಿದ್ಯುತ್ ಸದಾ ಹರಿಯುತ್ತಿರುವ ಬಗೆಯನ್ನೇ ಆಯ್ದುಕೊಳ್ಳಬೇಕು. ಆಗ ಬಾಗಿಲು ತೆರೆದರೂ, ತಂತಿ ಕತ್ತರಿಸಿದರೂ ಹರಿವು ನಿಂತು ಗಂಟೆ ಕೂಗುತ್ತದೆ. ಬಾಗಿಲು ತೆರೆದಾಗ ಮಾತ್ರ ಹರಿವು ಆರಂಭವಾಗುವ ಬಗೆಯಲ್ಲಿ, ತಂತಿ ಕತ್ತರಿಸಿದರೆ ಗಂಟೆ ಮೂಕವಾಗುತ್ತದೆ. ರೋಲಿಂಗ್ ಶಟರ್‌ಗೆ ಅದಕ್ಕೆಂದೇ ತಯಾರಾದ ದೊಡ್ಡ ಸ್ವಿಚ್ ಬೇಕು. ಚಿಕ್ಕದು ಗಾಳಿಗೆ ಶಟರ್ ಅಲುಗಿದರೂ ಕೂಗುತ್ತದೆ.

ಹೆಂಚಿನ ಮಾಡಿನ ಕೊಠಡಿಗೆ ಬಾಗಿಲ ಸ್ವಿಚ್ ಮಾತ್ರ ಸಾಲದು. ಹೆಂಚು ತೆಗೆದು ಇಳಿದವನನ್ನು ಅದು ಗುರುತಿಸದು. ಅಲ್ಲಿ ಮೈಬಿಸಿಯ ಚಲನೆಯನ್ನು ಗುರುತಿಸುವ ಸೆನ್ಸರ್ ನೆರವಾಗುತ್ತದೆ. ಆದರೆ ಹೆಗ್ಗಣ, ಬೆಕ್ಕು, ಅಡಿಕೆ ಬೇಯಿಸುವ ಒಲೆಯ ಬಿಸಿ ಇವೂ ಅದನ್ನು ಎಬ್ಬಿಸಬಲ್ಲವು. ಒಲೆಗೂ ಬಿಸಿಲು ಬೀಳುವ ಕಿಟಕಿಗೂ ಮುಖ ಮಾಡಿ ಅದನ್ನು ಇಡಬಾರದು. ಮೂರು ರಾತ್ರಿ ಸುಮ್ಮನೆ ಕೂಗಿದ ಗಂಟೆಗೆ ನಾಲ್ಕನೆಯ ರಾತ್ರಿ ಯಾರೂ ಏಳುವುದಿಲ್ಲ.

ಕೊಳವೆಬಾವಿಯ ಕೇಬಲ್ ಕಟ್ಟಡದ ಹೊರಗೇ ಹಾದುಹೋಗುವುದರಿಂದ ಬಾಗಿಲ ಸ್ವಿಚ್ಚಿನಿಂದ ಅದಕ್ಕೆ ರಕ್ಷಣೆಯಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಸ್ವಿಚ್ ಇಟ್ಟು, ಕೇಬಲ್ ಸಾಗುವ ಕೊಳವೆಗೆ ಬಿಗಿದ ಪ್ರತ್ಯೇಕ ಕೊಳವೆಯಲ್ಲಿ 12 ವೋಲ್ಟಿನ ಎಚ್ಚರಿಕೆ ತಂತಿಯನ್ನು ಒಯ್ಯಬಹುದು. ಕೇಬಲ್ ಕೊಳವೆಯನ್ನು ಕಿತ್ತರೆ ಅಥವಾ ಕತ್ತರಿಸಿದರೆ ಜೊತೆಗಿರುವ ತಂತಿಯೂ ತುಂಡಾಗಿ ಸೈರನ್ ಕೂಗುತ್ತದೆ. ಈ ಕೆಲಸವನ್ನು ಅರ್ಹ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

4. ವಿದ್ಯುತ್ ಮೂಲ

ಮೆಸ್ಕಾಂ ವಿದ್ಯುತ್ತನ್ನೇ ನಂಬಿದ ಗಂಟೆ, ಫ್ಯೂಸ್ ಕಿತ್ತ ಕ್ಷಣವೇ ನಿಷ್ಪ್ರಯೋಜಕ. ನೀರಾವರಿ ಪಂಪ್‌ಸೆಟ್ ಮಾರ್ಗಗಳಲ್ಲಿ ವಿದ್ಯುತ್ ದಿನದ ಕೆಲವು ಗಂಟೆಗಳಿಗೆ ಮಾತ್ರ ಇರುವುದೂ ಗಮನಾರ್ಹ. ಬ್ಯಾಟರಿ ಕಡ್ಡಾಯ. 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಎಲ್ಲೆಡೆ ದೊರೆಯುತ್ತದೆ. ಕಾವಲಿರುವಾಗ 50 ಮಿಲಿಆಂಪಿಯರ್ ಎಳೆಯುವ ಸಾಧನವನ್ನು ಅದು ಲೆಕ್ಕದ ಪ್ರಕಾರ 140 ಗಂಟೆ ನಡೆಸಬಲ್ಲುದು. ಬ್ಯಾಟರಿ ಹಳತಾದಂತೆ ಈ ಅವಧಿ ಬಹಳ ಕುಗ್ಗುತ್ತದೆ. ಹಗಲು ಚಾರ್ಜ್ ಮಾಡಲು ಸಣ್ಣ ಸೌರಫಲಕ ಸಾಕು. ಸೈರನ್ ಪೆಟ್ಟಿಗೆಯೊಳಗೇ ಪ್ರತ್ಯೇಕ ಬ್ಯಾಟರಿ ಇದ್ದರೆ, ಅದರ ತಂತಿ ಕತ್ತರಿಸಿದರೂ ಕೂಗು ನಿಲ್ಲುವುದಿಲ್ಲ.

5. ಮಾಡಲೇಬಾರದ ಕೆಲಸ

ಬಾಗಿಲು, ಚಿಲಕ, ತಂತಿಬೇಲಿ ಅಥವಾ ಶಟರ್‌ಗೆ ನೇರವಾಗಿ ವಿದ್ಯುತ್ ಹರಿಸುವುದು ಅಪರಾಧ ಮಾತ್ರವಲ್ಲ, ಪ್ರಾಣಾಂತಿಕ. ಕತ್ತಲಲ್ಲಿ ಅದನ್ನು ಮುಟ್ಟುವವನು ಕಳ್ಳನೇ ಆಗಿರಬೇಕೆಂದಿಲ್ಲ. ಮನೆಯ ಮಗು, ನಸುಕಿನಲ್ಲಿ ನೀರು ಬಿಡಲು ಬಂದ ನೀರಗಂಟಿ ಅಥವಾ ಅಡ್ಡಾಡುವ ದನವಾಗಿರಬಹುದು. ಇಂತಹ ಸಂಪರ್ಕ ಕಂಡುಬಂದಲ್ಲಿ ಸದಸ್ಯರು ಮುಟ್ಟಲು ಹೋಗದೆ ಕೂಡಲೇ ಮೆಸ್ಕಾಂ ಕಚೇರಿಗೆ ತಿಳಿಸಿ, ವಿದ್ಯುತ್ ಕಡಿತಗೊಳಿಸುವಂತೆ ಕೋರಬೇಕು.

6. ಶಬ್ದ ನಿಯಮ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ನೆರೆಹೊರೆಯವರಿಗೆ ಅನಗತ್ಯ ತೊಂದರೆಯಾಗದಂತೆ, ಕೆಲವು ನಿಮಿಷಗಳ ನಂತರ ತಾನೇ ನಿಂತು ಮತ್ತೆ ಕಾವಲಿಗೆ ಸಿದ್ಧವಾಗುವ ಸೈರನ್ನನ್ನೇ ಆಯ್ದುಕೊಳ್ಳುವುದು ಉಚಿತ.

7. ಸದಸ್ಯರ ಪಾತ್ರ

ಗಂಟೆ ಕೂಗಿದಾಗ ಬರುವವರಿಲ್ಲದಿದ್ದರೆ ಅದರ ಬೆಲೆಯೆಲ್ಲ ವ್ಯರ್ಥ. ಆದುದರಿಂದ ಅಡಿಕೆ ಕೊಯ್ಲು ಆರಂಭವಾಗುವ ಮುನ್ನವೇ ವಾರ್ಡ್ ಸಭೆಯಲ್ಲಿ ವಿಷಯ ಚರ್ಚಿಸಿ, ಪ್ರತಿ ಕಟ್ಟಡಕ್ಕೂ ಹತ್ತಿರದ ಎರಡು-ಮೂರು ಮನೆಗಳವರನ್ನು ಗುರುತಿಸಿಕೊಳ್ಳಬೇಕು. ಅವರಿಗೆ ಸೈರನ್ನಿನ ದನಿಯನ್ನು ಒಮ್ಮೆ ಹಗಲಿನಲ್ಲಿ ಕೇಳಿಸಬೇಕು. ಕೂಗು ಕೇಳಿದೊಡನೆ 112ಕ್ಕೆ ಕರೆ ಮಾಡುವುದು, ಒಬ್ಬರೇ ಹೋಗದಿರುವುದು, ದೂರದಿಂದ ದೀಪ ಹಾಯಿಸಿ ಗದ್ದಲ ಮಾಡುವುದು, ಓಡುವವನನ್ನು ಅಡ್ಡಗಟ್ಟದಿರುವುದು ಇವನ್ನು ಮನದಟ್ಟು ಮಾಡಿಸಬೇಕು. ಸಿಕ್ಕಿಬಿದ್ದವನನ್ನು ಥಳಿಸುವುದೂ ಅಪರಾಧವೇ. ಪೊಲೀಸರು ಬರುವವರೆಗೆ ಬೀಗ, ಬಾಗಿಲುಗಳನ್ನು ಯಾರೂ ಮುಟ್ಟಬಾರದು.

ಪಂಚಾಯತಿ ಆಸ್ತಿಗೆ ಅಳವಡಿಸುವಾಗ ಸಾಮಾನ್ಯ ಸಭೆಯ ನಿರ್ಣಯ, ಸಂಗ್ರಹಣಾ ನಿಯಮಗಳ ಪಾಲನೆ ಹಾಗೂ ದಾಸ್ತಾನು ವಹಿಯಲ್ಲಿ ನಮೂದು ಅಗತ್ಯ. ತಿಂಗಳಿಗೊಮ್ಮೆ ಮುಖ್ಯ ವಿದ್ಯುತ್ ಸಂಪರ್ಕ ತೆಗೆದು ಬಾಗಿಲು ತೆರೆದು ನೋಡಬೇಕು. ಆಗಲೂ ಸೈರನ್ ಕೂಗಿ, ಆ ಕೂಗಿಗೆ ಪಕ್ಕದ ಮನೆಯವರು ಹೊರಬಂದರೆ, ಆಯ್ಕೆ ಸರಿಯಾಗಿದೆ ಎಂದು ತಿಳಿಯಬಹುದು.