ಡ್ರೈಯರಿನ ಕಾವಿಗೆ ಹದ ಹಿಡಿಸುವ ಬಗೆ



ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ ಕಣದ ಬಿಸಿಲನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ನಮ್ಮಂಥ ಸಣ್ಣ ಬೆಳೆಗಾರರೂ ಡ್ರೈಯರಿನ ಒಲೆಗೆ ಗಾಳಿ ಊದುವ ಬ್ಲೋಯರಿಗೆ ಮೈಕ್ರೋಕಂಟ್ರೋಲರ್ ಇರುವ ಪೆಟ್ಟಿಗೆ ಜೋಡಿಸಬಹುದು. ಆದರೆ ಪೆಟ್ಟಿಗೆ ಕೊಂಡರೆ ಸಾಲದು, ಅದಕ್ಕೆ ಹದ ಹಿಡಿಸಬೇಕು. ಪಾರ್ಚ್‌ಮೆಂಟ್ ಕಾಳಿನ ಕಾವು 40 ಡಿಗ್ರಿ ಸೆಲ್ಸಿಯಸ್, ಚೆರಿಯದು 45 ಡಿಗ್ರಿ ದಾಟಬಾರದು. ದಾಟಿದರೆ ಗುಣ ಕೆಟ್ಟು ಬೆಲೆಯೂ ಬೀಳುತ್ತದೆ.

ಪೆಟ್ಟಿಗೆಯ ಕೆಲಸ ಇಷ್ಟೆ: ಕಾವನ್ನು ಅಳೆದು, ಬೇಕಾದುದಕ್ಕೂ ಇರುವುದಕ್ಕೂ ಎಷ್ಟು ಅಂತರವೆಂದು ನೋಡಿ, ಬ್ಲೋಯರನ್ನು ಏರಿಸುವುದು ಇಲ್ಲವೆ ಇಳಿಸುವುದು, ಮತ್ತೆ ಅಳೆಯುವುದು. ತೊಂದರೆಯೆಲ್ಲ ಬರುವುದು ತಡದಿಂದ. ಇದಕ್ಕೆ ಬಯಲುಸೀಮೆಯ ಕಾಲುವೆಯೇ ಉದಾಹರಣೆ. ಮುದಗಲ್ಲಿಗೆ ದೂರವಲ್ಲದ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವು ನೀರನ್ನು ಅಳೆದು ತಾವೇ ಏರಿಳಿಯುವ ಗೇಟುಗಳನ್ನು ಹಾಕಿಸಿದೆ. ಮೇಲೆ ಬಿಟ್ಟ ನೀರು ಕೊನೆಯ ಹೊಲ ಮುಟ್ಟಲು ಹೊತ್ತು ಬೇಕು. ಅವಸರಪಟ್ಟು ಇನ್ನಷ್ಟು ತೆರೆದರೆ ಆಮೇಲೆ ಉಕ್ಕುತ್ತದೆ. ಗಾಬರಿಯಿಂದ ಮುಚ್ಚಿದರೆ ಬತ್ತುತ್ತದೆ. ಒಲೆಯ ಕಾವಿನ ಸಂಗತಿಯೂ ಹೀಗೆಯೇ.

ಪೆಟ್ಟಿಗೆಯಲ್ಲಿ ಪಿ, ಐ, ಡಿ ಎಂಬ ಮೂರು ಅಂಕಿಗಳಿರುತ್ತವೆ. ಪಿ ಈಗಿನ ಅಂತರವನ್ನು, ಐ ಕೂಡುತ್ತ ಬಂದ ಅಂತರವನ್ನು, ಡಿ ಕಾವು ಬದಲಾಗುವ ವೇಗವನ್ನು ನೋಡುತ್ತದೆ. ಅಮೆರಿಕದ ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಐ, ಡಿ ಎರಡನ್ನೂ ಸೊನ್ನೆಗಿಟ್ಟು, ಕಾವು ಒಂದೇ ಸಮನೆ ಓಲಾಡುವ ತನಕ ಪಿಯನ್ನು ಏರಿಸುವುದು ಅದರ ಮೊದಲ ಹೆಜ್ಜೆ. ಈ ಪರೀಕ್ಷೆಯನ್ನು ಗುರಿಯ ಕಾವು ತಗ್ಗಿಸಿಟ್ಟು ಮಾಡಿರಿ. ಅವರ ಲೆಕ್ಕವನ್ನು ಹಾಗೆಯೇ ಹಿಡಿದರೆ ಕಾವು ಗುರಿ ದಾಟಿ ಹಿಂದಿರುಗುತ್ತದೆ. ಕಾಫಿಗೆ ಅದು ಸಲ್ಲದು. ಆದ್ದರಿಂದ ಓಲಾಡಿದ ಅಂಕಿಯ ಅರ್ಧಕ್ಕಿಂತ ಕಡಮೆಗೆ ಪಿಯನ್ನು ಇಳಿಸಿ, ಐಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿರಿ. ಡಿ ಸೊನ್ನೆಯಾಗಿದ್ದರೂ ನಡೆಯುತ್ತದೆ.

ಇನ್ನೊಂದು ಎಚ್ಚರಿಕೆ. ಹಸಿ ಸೌದೆಯಿಂದ ಬೆಂಕಿ ಮಂಕಾದಾಗ ಬ್ಲೋಯರ್ ಪೂರ್ತಿ ಓಡುತ್ತಿದ್ದರೂ ಐ ತನ್ನ ಬಾಕಿ ಕೂಡಿಸುತ್ತಲೇ ಇರುತ್ತದೆ. ಬೆಂಕಿ ಹತ್ತಿದ ಮೇಲೂ ಆ ಬಾಕಿ ತೀರುವ ತನಕ ಬ್ಲೋಯರ್ ಇಳಿಯದು. ಅಷ್ಟರಲ್ಲಿ ಕಾಳು ಕೆಟ್ಟಿರುತ್ತದೆ. ಬ್ಲೋಯರ್ ಮಿತಿ ಮುಟ್ಟಿದಾಗ ಐ ಲೆಕ್ಕ ನಿಲ್ಲುವ ಏರ್ಪಾಡು ಇದೆಯೇ ಎಂದು ಕೊಳ್ಳುವ ಮುನ್ನ ಕೇಳಿರಿ. ಇಲ್ಲವೆಂದರೆ, ಎಷ್ಟೇ ಅಗ್ಗವಾದರೂ ಬೇಡ.

ಕಾವು ಅಳೆಯುವ ತುದಿ ಕಾಳಿನ ನಡುವೆಯೇ ಇರಲಿ. ನೆರೆಯವರ ಅಂಕಿ ನಮ್ಮ ಒಲೆಗೆ ಹೊಂದದು. ಕೊಯ್ಲಿಗೆ ಮೊದಲೇ ಹದ ನೋಡಿ, ಅಂಕಿಗಳನ್ನು ಪೆಟ್ಟಿಗೆಯ ಮೇಲೆಯೇ ಬರೆದಿಡುವುದು ಲೇಸು.