ಕರೆಯೋ ಹಸೀಗೆ ನೆರಳು, ಗಬ್ಬದ ಹಸೀಗೆ ಬಿಸಿಲು!

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಮದ್ದೂರಿಂದ ಮಳವಳ್ಳಿ ಕಡೆಗೆ ಒಂದು ಸುತ್ತು ಹಾಕಿ ನೋಡಿ. ಎಷ್ಟೋ ಮನೆ ಮುಂದೆ ಒಂದೇ ನೋಟ. ಡೈರಿಗೆ ಹಾಲು ಹಾಕೋ ಸೀಮೆಹಸು ಕೊಟ್ಟಿಗೆ ಒಳಗೆ, ಫ್ಯಾನಿನ ಕೆಳಗೆ. ಬತ್ತಿಸಿದ ತುಂಬುಗಬ್ಬದ ಹಸು ಹೊರಗೆ, ತಿಪ್ಪೆ ಪಕ್ಕದ ಗೂಟದಲ್ಲಿ. ಇರೋ ಜಾಗವೇ ಅಷ್ಟು ಸ್ವಾಮಿ, ಹಾಲು ಕೊಡದೇ ಇರೋದು ಹೊರಗಿರಲಿ ಅನ್ನೋ ಲೆಕ್ಕ.

ಈ ಲೆಕ್ಕ ತಪ್ಪು. ಎಷ್ಟು ತಪ್ಪು ಅಂತ ಈ ವರದಿಗಾರನಿಗೆ ಗೊತ್ತಾಗಿದ್ದು ತನ್ನ ಮನೆಯಲ್ಲೇ.

2024ರ ಬೇಸಿಗೆ. ಜಿಲ್ಲೆಯಲ್ಲಿ ಲೋಕಸಭೆ ಎಲೆಕ್ಷನ್ ಕಾವು ಬೇರೆ. ನಮ್ಮ ಮನೆ ಹಸು ಎಂಟು ತಿಂಗಳ ಗಬ್ಬ. ಹುಣಸೆ ಮರದ ಬುಡದಲ್ಲಿ ಕಟ್ಟಿದ್ದೆವು. ಬೆಳಿಗ್ಗೆ ಅಲ್ಲಿ ನೆರಳು ಇರುತ್ತೆ, ಹನ್ನೊಂದು ಗಂಟೆಗೆಲ್ಲಾ ಜರುಗಿಬಿಡುತ್ತೆ. ಹಗ್ಗ ಜರುಗಿಸೋರು ಯಾರು? ಒಳಗೆ ಕಟ್ಟವ್ವಾ ಅಂದೆ. ‘ಹಾಲು ಕೊಡದ ಹಸೀಗೆ ಯಾಕ್ಲಾ ಫ್ಯಾನು?’ ಅಂದಳು ಅವ್ವ. ನಾನೂ ಸುಮ್ಮನಾದೆ, ಸಭೆ-ಮೆರವಣಿಗೆ ಸುದ್ದಿ ಹಿಂದೆ ಓಡಿದೆ. ಮೇ ತಿಂಗಳಲ್ಲಿ ಲೆಕ್ಕಕ್ಕಿಂತ ಒಂದು ವಾರ ಮುಂಚೆ ಹಸು ಕರು ಹಾಕಿತು. ಹೆಣ್ಣುಗರು. ಮೊಲದಷ್ಟು ಅಂದರೆ ಉತ್ಪ್ರೇಕ್ಷೆ, ಆದರೆ ಎದ್ದು ನಿಂತು ಮೊಲೆಗೆ ಬಾಯಿ ಹಾಕೋ ತ್ರಾಣ ಅದಕ್ಕಿರಲಿಲ್ಲ. ಗಿಣ್ಣು ಹಾಲನ್ನ ಬಾಟಲಿಯಲ್ಲಿ ಕುಡಿಸಿದೆವು. ಹತ್ತು ದಿನ ಭೇದಿ. ಬದುಕಿತು.

ನೋಡಲು ಬಂದ ಪಶುವೈದ್ಯರು ಬಿಸಿಲೊಂದೇ ಕಾರಣ ಅಂತ ಆಣೆ ಇಡೋಕಾಗಲ್ಲ ಅಂದರು. ಆದರೆ ಹಸು ಕಟ್ಟಿದ್ದ ಜಾಗ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ಅವರು ವಿವರಿಸಿದ್ದನ್ನ ನಮ್ಮ ನಾಲೆ ಭಾಷೆಯಲ್ಲೇ ಹೇಳ್ತೀನಿ.

ಹಸುವಿನ ಮೈ ಬಿಸಿ ಮಾಮೂಲಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಹೊರಗೆ ಕಾವೇರಿದಾಗ ಅದನ್ನ ಹತೋಟಿಯಲ್ಲಿಡೋಕೆ ದೇಹ ರಕ್ತವನ್ನ ಚರ್ಮದ ಕಡೆಗೆ ಹೆಚ್ಚು ಹರಿಸುತ್ತೆ, ಕಾವು ಹೊರಗೆ ಹೋಗಲಿ ಅಂತ. ಇರೋ ರಕ್ತ ಅಷ್ಟೇ ತಾನೆ? ವಿ.ಸಿ. ನಾಲೆಯಲ್ಲಿ ಮೇಲಿನವರು ತೂಬು ಎತ್ತಿಕೊಂಡರೆ ಕೊನೆಭಾಗದ ಗದ್ದೆ ಗತಿ ಏನಾಗುತ್ತೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಾ? ಇಲ್ಲಿ ಕೊನೆಭಾಗದ ಗದ್ದೆ ಅಂದರೆ ಗರ್ಭಕೋಶ. ತುಂಬುಗಬ್ಬದಲ್ಲಿ ಅದಕ್ಕೆ ನಿಮಿಷಕ್ಕೆ ಹತ್ತು ಲೀಟರಿಗೂ ಮೇಲೆ ರಕ್ತ ಹರಿಯಬೇಕು. ಕರುವಿನ ಉಸಿರು, ಆಹಾರ ಎಲ್ಲಾ ಅದರಲ್ಲೇ. ಇನ್ನೊಂದು ಸೂಕ್ಷ್ಮ ಇದೆ. ಹೊಟ್ಟೆಯಲ್ಲಿರೋ ಕರುವಿನ ಮೈ ತಾಯಿಗಿಂತ ಸ್ವಲ್ಪ ಬಿಸಿ. ಆ ಬಿಸಿಯೂ ತಾಯಿ ರಕ್ತದ ಮೂಲಕವೇ ಹೊರಗೆ ಹೋಗಬೇಕು. ತಾಯಿಯೇ ಕುದೀತಾ ಇದ್ದರೆ ಕರು ಎಲ್ಲಿಗೆ ಹೋಗಬೇಕು?

ಕಾವಿನಲ್ಲಿಟ್ಟ ಗಬ್ಬದ ಕುರಿಗಳಲ್ಲಿ ಗರ್ಭಕೋಶದ ರಕ್ತ ಇಳಿಯೋದನ್ನ 1980ರ ದಶಕದಲ್ಲೇ ವಿಜ್ಞಾನಿಗಳು ಅಳತೆ ಮಾಡಿ ತೋರಿಸಿದರು. ಮಾಸೂ ಚಿಕ್ಕದಾಗುತ್ತೆ, ಕರು ಹಾಕಿದ ಮೇಲೆ ‘ಕಸ ಬಿತ್ತು’ ಅಂತೀವಲ್ಲ, ಅದೇ ಮಾಸು. ಹುಟ್ಟೋ ಕರುವಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಕೂಡೋದು ಕೊನೆಯ ಎರಡು ತಿಂಗಳಲ್ಲಿ, ಅಂದರೆ ನಾವು ಹಸು ಬತ್ತಿಸಿ ಹೊರಗೆ ಕಟ್ಟೋ ಅದೇ ಎರಡು ತಿಂಗಳಲ್ಲಿ!

ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಒಂದು ಪ್ರಯೋಗ 1982ರಲ್ಲಿ ಪ್ರಕಟವಾಯಿತು. ಗಬ್ಬದ ಕೊನೇ ತಿಂಗಳುಗಳಲ್ಲಿ ಕೆಲವು ಹಸುಗಳಿಗೆ ನೆರಳು, ಕೆಲವಕ್ಕೆ ಇಲ್ಲ. ನೆರಳಿನ ಹಸುಗಳ ಕರುಗಳು ಸುಮಾರು ಮೂರು ಕಿಲೋ ಹೆಚ್ಚು ತೂಗಿದವು. ಬರೀ ನೆರಳಿಗೆ ಸ್ವಾಮಿ! ಮುಂದೆ ಅಲ್ಲೇ ಫ್ಯಾನು, ನೀರಿನ ತುಂತುರು ಇಟ್ಟು ನೋಡಿದರು. ಬತ್ತಿದ ಕಾಲದಲ್ಲಿ ತಂಪಾಗಿದ್ದ ಹಸು ಕರು ಹಾಕಿದ ಮೇಲೆ ದಿನಕ್ಕೆ ನಾಲ್ಕೈದು ಕಿಲೋ ಹಾಲು ಜಾಸ್ತಿ ಕೊಟ್ಟಿತು. ಕಾವು ತಿಂದ ಹಸುಗಳ ಹೆಣ್ಣುಗರುಗಳೋ, ಬೆಳೆದು ಹಸುಗಳಾದಾಗ ತಾವೂ ಕಡಿಮೆ ಹಾಲು ಕೊಟ್ಟವು. ಅಲ್ಲಿಯವು ಪೂರ್ತಿ ಸೀಮೆತಳಿ, ನಮ್ಮವು ಬೆರಕೆ. ಅಂಕಿ ಹಾಗೇ ಇಲ್ಲಿಗೆ ಕೂರಲ್ಲ. ನಮ್ಮ ಹಳ್ಳಿಕಾರ್ ಬಿಸಿಲನ್ನ ಚೆನ್ನಾಗೇ ತಡೆಯುತ್ತೆ. ಆದರೆ ಡೈರಿ ತುಂಬಿಸ್ತಿರೋದು ಹಳ್ಳಿಕಾರ್ ಅಲ್ಲವಲ್ಲ.

ಹಾಗಾದರೆ ರೈತ ಏನು ಮಾಡಬೇಕು? ಮೊದಲು ಪಕ್ಕೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಹಸು ಕಷ್ಟದಲ್ಲಿದೆ. ಬಾಯಿ ತೆರೆದು ಜೊಲ್ಲು ಸುರಿಸ್ತಿದ್ದರೆ ಆಗಲೇ ತಡವಾಗಿದೆ, ತಕ್ಷಣ ನೆರಳಿಗೆ ಹೊಡೆದು ನೀರು ಹಾಕಿ, ಡಾಕ್ಟರಿಗೆ ಹೇಳಿಕಳಿಸಿ. ನೆರಳಲ್ಲಿ ತೊಟ್ಟಿ ಇಟ್ಟು ದಿನವಿಡೀ ನೀರು ಸಿಗೋ ಹಾಗೆ ಮಾಡಿ, ಎರಡು ಹೊತ್ತು ಬಕೆಟ್ ಹಿಡಿದರೆ ಸಾಲದು. ಮೇವು ಹೆಚ್ಚಿಗೆ ಹಾಕೋದು ಮುಂಜಾನೆ ಮತ್ತು ರಾತ್ರಿ, ಯಾಕೆಂದರೆ ಮೇವು ಹೊಟ್ಟೆಯಲ್ಲಿ ಕರಗುವಾಗಲೂ ಕಾವು ಹುಟ್ಟುತ್ತೆ. ಶೀಟಿನ ಮಾಡಿಗೆ ತೆಂಗಿನ ಗರಿಯೋ ಕಬ್ಬಿನ ಒಣ ಸೋಗೆಯೋ ಹೊದಿಸಿ. ನಮ್ಮ ಕಡೆ ಅದನ್ನ ಗದ್ದೆಯಲ್ಲೇ ಸುಟ್ಟು ಹೊಗೆ ಎಬ್ಬಿಸೋರಿಗೇನು ಕಮ್ಮಿ!

ಒಂದು ಎಚ್ಚರ. ಮೈಮೇಲೆ ನೀರು ಹಾಕಿದರೆ ಗಾಳಿಯೂ ಆಡಬೇಕು. ನಾಲ್ಕೂ ಕಡೆ ಒದ್ದೆ ಗೋಣಿ ಬಿಗಿದು ಮುಚ್ಚಿದರೆ ಕೊಟ್ಟಿಗೆ ಇಡ್ಲಿ ಪಾತ್ರೆ ಆಗುತ್ತೆ. ಮಧ್ಯಾಹ್ನ ಕರೆಂಟು ಹೋದರೆ ಫ್ಯಾನು ಲೆಕ್ಕಕ್ಕಿಲ್ಲ, ಆಗ ಹೊಂಗೆ, ಬೇವಿನ ಮರವೇ ಗತಿ. ಇನ್ನು ರಕ್ತ ಹೆಚ್ಚಿಸೋ ಟಾನಿಕ್ಕು ಅಂತ ಅಂಗಡಿಗೆ ಓಡೋರಿದ್ದಾರೆ. ಖನಿಜ ಮಿಶ್ರಣ ಬೇಕು, ಡಾಕ್ಟರನ್ನ ಕೇಳಿ ಕೊಡಿ. ಆದರೆ ಬಿಸಿಲಲ್ಲಿ ಕಟ್ಟಿ ಟಾನಿಕ್ಕು ಕುಡಿಸಿದರೆ ದುಡ್ಡು ದಂಡ.

ನಮ್ಮ ಆ ಕರು ಈಗ ಕಡಸು. ಓರಗೆಯವುಗಳ ಪಕ್ಕ ನಿಲ್ಲಿಸಿದರೆ ಇವತ್ತಿಗೂ ಕುಳ್ಳಿ. ಗಬ್ಬ ನಿಂತಿದೆ. ಹೋದ ವಾರ ಮನೆಗೆ ಹೋದಾಗ ಕೊಟ್ಟಿಗೆ ಫ್ಯಾನಿನ ವೈರು ಇನ್ನೊಂದು ಗೂಟದ ತನಕ ಬಂದಿತ್ತು. ಯಾರು ಎಳೆಸಿದ್ದು ಅಂತ ಕೇಳಿದೆ. ‘ಕರೆಂಟ್ ಬಿಲ್ಲು ನೀನೇ ಕಟ್ಟು’ ಅಂದಳು ಅವ್ವ.